ಪುಶ್ ಪೇಲೋಡ್‌ನಲ್ಲಿ ಏನಿರಬೇಕು, ಏನಿರಬಾರದು?

ಓದುಗರ ಪ್ರಶ್ನೆ: ನಾವು ಮೂವರು ಸೇರಿ ಒಂದು ಸೋಶಿಯಲ್ ನೆಟ್‌ವರ್ಕಿಂಗ್ ವೆಬ್ ಆ್ಯಪ್ ಕಟ್ಟಿದ್ದೇವೆ. ಗುಂಪು, ಪೋಸ್ಟ್, ಕಾಮೆಂಟ್, ಲೈಕ್, ಖಾಸಗಿ ಮೆಸೇಜ್ ಎಲ್ಲ ಇದೆ. ಪುಶ್ ನೋಟಿಫಿಕೇಶನ್ ಕಳಿಸುವಾಗ ಪೋಸ್ಟ್ ಮತ್ತು ಕಾಮೆಂಟ್‌ನ ಪೂರ್ತಿ ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ರೂಪ) ಅನ್ನೇ ಪೇಲೋಡ್‌ಗೆ, ಅಂದರೆ ಪುಶ್ ಜೊತೆ ಹೋಗುವ ಡೇಟಾಗೆ, ಹಾಕುತ್ತೇವೆ. ಒತ್ತಿದ ಕೂಡಲೇ ತೋರಿಸಬಹುದಲ್ಲ ಅಂತ. ಈಗ ತೊಂದರೆಗಳು ಶುರುವಾಗಿವೆ. ಇಂಗ್ಲಿಷ್ ಪೋಸ್ಟ್‌ಗಳು ಸರಿಯಾಗಿ ಹೋಗುತ್ತವೆ, ಅಷ್ಟೇ ಉದ್ದದ ಕನ್ನಡ ಪೋಸ್ಟ್‌ಗಳಿಗೆ 413 ಎರರ್ (ಗಾತ್ರ ಮೀರಿದೆ ಎಂಬ ಉತ್ತರ) ಬರುತ್ತದೆ. ಫೋನ್ ಎರಡು ದಿನ ಆಫ್ ಇದ್ದವರಿಗೆ ಆನ್ ಮಾಡಿದ ತಕ್ಷಣ ಹಳೆ ಲೈಕ್‌ಗಳ ಮಳೆ. ಡಿಲೀಟ್ ಆದ ಕಾಮೆಂಟ್ ನೋಟಿಫಿಕೇಶನ್‌ನಲ್ಲಿ ಹಾಗೇ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಇದು: ಒಬ್ಬರು ಲಾಗ್‌ಔಟ್ ಮಾಡಿ ಹೋದ ಮೇಲೆ ಅವರ ಖಾಸಗಿ ಮೆಸೇಜ್ ಅದೇ ಕಂಪ್ಯೂಟರ್‌ನಲ್ಲಿ ಬೇರೆಯವರಿಗೆ ಕಾಣಿಸಿತು. ಪುಶ್ ಎನ್‌ಕ್ರಿಪ್ಟ್ ಆಗಿರುತ್ತದೆ, ಭಯ ಬೇಡ ಎನ್ನುತ್ತಾನೆ ಗೆಳೆಯ. ಇನ್ನೊಬ್ಬಳು, ಪೇಲೋಡ್ ಖಾಲಿ ಕಳಿಸಿ ಉಳಿದದ್ದನ್ನು ಸರ್ವರ್‌ನಿಂದ ತರಿಸಿಕೊಳ್ಳೋಣ ಅನ್ನುತ್ತಾಳೆ. ಯಾವುದು ಸರಿ? ಐಫೋನ್‌ಗೆ ಬೇರೆಯೇ ಪೇಲೋಡ್ ಬೇಕಾ?

ಉತ್ತರ: ಮೊದಲು ಲಾಗ್‌ಔಟ್ ತೊಂದರೆ ಸರಿಮಾಡಿ. ಉಳಿದವು ಕಿರಿಕಿರಿ, ಇದು ಹಾನಿ. ಪೇಲೋಡ್ ವಿನ್ಯಾಸ ಮುಂದಿನ ವಾರಕ್ಕೆ ಹೋದರೂ ನಡೆಯುತ್ತದೆ.

ನೀವು ಇವನ್ನು ಬೇರೆ ಬೇರೆ ದೋಷಗಳು ಅಂದುಕೊಂಡಿದ್ದೀರಿ. ನನಗೆ ಕಾಣುವುದು ಒಂದೇ ಬೇರು. ಪೇಲೋಡ್ ಅಂದರೆ ಡೇಟಾದ ಪ್ರತಿ ಅಂತ ನಿಮ್ಮ ತಂಡ ನಂಬಿದೆ. ಅದು ಬಾಗಿಲಿಗೆ ಅಂಟಿಸಿದ ಚೀಟಿ ಇದ್ದ ಹಾಗೆ. ಬರೆದವರು ಹೊರಟುಹೋಗಿರುತ್ತಾರೆ. ಓದುವವರು ಯಾವಾಗ ಬರುತ್ತಾರೋ ಗೊತ್ತಿಲ್ಲ, ಮೊದಲು ಯಾರ ಕಣ್ಣಿಗೆ ಬೀಳುತ್ತದೋ ಅದೂ ಗೊತ್ತಿಲ್ಲ. ಹಾಗಾಗಿ ಪೇಲೋಡ್‌ಗೆ ಯಾವುದೇ ಫೀಲ್ಡ್ ಸೇರಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಆರು ಗಂಟೆ ತಡವಾಗಿ ಓದಿದರೆ ಪರವಾಗಿಲ್ಲವಾ? ಬೇರೆಯವರು ಓದಿದರೆ ಪರವಾಗಿಲ್ಲವಾ? ನಮ್ಮದೇ ಹಳೆ ಕೋಡ್ ಓದಿದರೆ ಏನಾಗುತ್ತದೆ? ಪೂರ್ತಿ ಪೋಸ್ಟ್ ಈ ಮೂರರಲ್ಲೂ ಫೇಲ್ ಆಗುತ್ತದೆ.

ಲಾಗ್‌ಔಟ್ ಯಾಕೆ ಹಾಗಾಯಿತು ಅಂತ ನೋಡೋಣ. ಪುಶ್ ಸಬ್‌ಸ್ಕ್ರಿಪ್ಶನ್ (ಪುಶ್ ಪಡೆಯುವ ನೋಂದಣಿ) ಬಳಕೆದಾರರಿಗೆ ಸೇರಿದ್ದಲ್ಲ, ಬ್ರೌಸರ್‌ಗೆ ಸೇರಿದ್ದು. ನಿಮ್ಮ ಸೈಟಿನ ಸರ್ವಿಸ್ ವರ್ಕರ್ (ಪುಟ ಮುಚ್ಚಿದ್ದರೂ ಹಿನ್ನೆಲೆಯಲ್ಲಿ ಕೆಲಸ ಮಾಡುವ ನಿಮ್ಮ ಕೋಡ್) ಆ ಬ್ರೌಸರ್‌ನಲ್ಲಿ ಇರುವವರೆಗೆ ಅದೂ ಇರುತ್ತದೆ. ಕುಕ್ಕಿ ಅಳಿಸಿ ಲಾಗ್‌ಔಟ್ ಪುಟ ತೋರಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ನಿಮ್ಮ ಡೇಟಾಬೇಸ್‌ನಲ್ಲಿ ಆ ಎಂಡ್‌ಪಾಯಿಂಟ್ (ಪುಶ್ ಕಳಿಸುವ ವಿಳಾಸ) ಇನ್ನೂ ಮೊದಲಿನವರ ಹೆಸರಿನಲ್ಲೇ ಇದೆ. ಸರ್ವರ್ ಪಾಪ, ತನ್ನ ಕೆಲಸ ತಾನು ಮಾಡಿದೆ.

ಸರಿಪಡಿಸುವುದು ಹೀಗೆ. ಸಬ್‌ಸ್ಕ್ರಿಪ್ಶನ್ ಅನ್ನು ಬಳಕೆದಾರರ ಜೊತೆ ಮಾತ್ರ ಕಟ್ಟಬೇಡಿ, ಸೆಶನ್ (ಲಾಗಿನ್ ಆಗಿರುವ ಅವಧಿ) ಜೊತೆಗೂ ಕಟ್ಟಿ. ಸೆಶನ್ ಸತ್ತರೆ ಡೇಟಾಬೇಸ್‌ನಲ್ಲಿರುವ ಸಬ್‌ಸ್ಕ್ರಿಪ್ಶನ್‌ನ ಸಾಲೂ ಸಾಯಬೇಕು. ಲಾಗ್‌ಔಟ್ ಒತ್ತದೆ ಸುಮ್ನೆ ಎದ್ದು ಹೋದವರಿಗೂ ಆಗ ರಕ್ಷಣೆ ಸಿಗುತ್ತದೆ. ಲಾಗ್‌ಔಟ್ ಒತ್ತಿದರೆ ಮೊದಲು ಸರ್ವರ್‌ನಲ್ಲಿ ಸಾಲು ಅಳಿಸಿ, ಆಮೇಲೆ ಬ್ರೌಸರ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಮಾಡಿಸಿ. ಈ ಕ್ರಮ ಮುಖ್ಯ. ನಡುವೆ ನೆಟ್‌ವರ್ಕ್ ಕೈಕೊಟ್ಟರೂ ಹೊಸದಾಗಿ ಏನೂ ಹೋಗುವುದಿಲ್ಲ. ಪರದೆಯ ಮೇಲೆ ಆಗಲೇ ಕೂತಿರುವ ನೋಟಿಫಿಕೇಶನ್‌ಗಳನ್ನೂ ಸರ್ವಿಸ್ ವರ್ಕರ್‌ನಿಂದ ಹುಡುಕಿ ಮುಚ್ಚಿ. ಇದನ್ನು ಬಹಳ ತಂಡಗಳು ಮರೆಯುತ್ತವೆ.

ಇನ್ನೊಂದು ಬಾಗಿಲು ಉಳಿಯಿತು. ಲಾಗ್‌ಔಟ್‌ಗೂ ಮುಂಚೆ ಕಳಿಸಿದ ಮೆಸೇಜ್ ಪುಶ್ ಸರ್ವಿಸ್‌ನ (ನಿಮ್ಮ ಸರ್ವರ್‌ನಿಂದ ಬ್ರೌಸರ್‌ಗೆ ಪುಶ್ ತಲುಪಿಸುವ ಮಧ್ಯವರ್ತಿ) ಸರದಿಯಲ್ಲಿ ಕಾಯುತ್ತಿರಬಹುದು. ಅದಕ್ಕೆ ಪೇಲೋಡ್‌ನಲ್ಲಿ ಇದು ಯಾರಿಗೆ ಅನ್ನುವ ಗುರುತು ಇರಲಿ. ಇಮೇಲ್ ಅಥವಾ ಯೂಸರ್‌ನೇಮ್ ಬೇಡ, ಅರ್ಥವಿಲ್ಲದ ಒಂದು ಐಡಿ ಸಾಕು. ಸರ್ವಿಸ್ ವರ್ಕರ್ ಅದನ್ನು ಈಗ ಲಾಗಿನ್ ಆಗಿರುವವರ ಐಡಿ ಜೊತೆ ಹೋಲಿಸಲಿ. ತಾಳೆಯಾಗದಿದ್ದರೆ ಒಳಗಿನ ಮಾತು ತೋರಿಸದೆ, ಹೆಸರಿಲ್ಲದ ಒಂದು ಸಾಲು ತೋರಿಸಲಿ. ಏನನ್ನೂ ತೋರಿಸದೆ ಬಿಡುವ ಹಾಗಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ನಿಮ್ಮ ಗೆಳೆಯನ ಮಾತು. ಎನ್‌ಕ್ರಿಪ್ಟ್ ಆಗಿರುತ್ತದೆ ಅನ್ನುವುದು ನಿಜ. 2017ರ ನವೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 8291 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್‌ನ ನಿಯಮಗಳ ದಾಖಲೆ) ಪ್ರಕಾರ, ಕೀಲಿಗಳು ಬ್ರೌಸರ್‌ನಲ್ಲೇ ಹುಟ್ಟುತ್ತವೆ. ನಿಮ್ಮ ಸರ್ವರ್ ಅವನ್ನು ಬಳಸಿ ಪೇಲೋಡ್ ಮುಚ್ಚುತ್ತದೆ. ನಡುವೆ ನಿಂತಿರುವ ಪುಶ್ ಸರ್ವಿಸ್, ಅದು ಗೂಗಲ್‌ನದಾಗಲಿ, ಮೊಜಿಲ್ಲಾದ್ದಾಗಲಿ, ಆ್ಯಪಲ್‌ನದಾಗಲಿ, ಒಳಗಿರುವುದನ್ನು ಓದಲಾರದು. ಇಲ್ಲಿಯವರೆಗೆ ಗೆಳೆಯ ಸರಿ.

ಆದರೆ ಆ ಬೀಗ ಇರುವುದು ದಾರಿಯಲ್ಲಿ ಮಾತ್ರ. ಫೋನ್ ತಲುಪಿದ ಮೇಲೆ ಅದು ಲಾಕ್ ಸ್ಕ್ರೀನ್ ಮೇಲೆ ಬಟಾಬಯಲು. ಹೊರಡುವ ಮುಂಚೆಯೂ ಅಷ್ಟೇ. ನಿಮ್ಮ ಜಾಬ್ ಕ್ಯೂನಲ್ಲಿ (ಕಳಿಸಲು ಕಾದಿರುವ ಕೆಲಸಗಳ ಸರದಿ), ಮತ್ತೆ ಪ್ರಯತ್ನಿಸಲು ಇಟ್ಟ ಪಟ್ಟಿಯಲ್ಲಿ, ಎರರ್ ಲಾಗ್‌ನಲ್ಲಿ ಪೇಲೋಡ್ ತೆರೆದೇ ಬಿದ್ದಿರುತ್ತದೆ. ಒಂದು ಆ್ಯಪ್‌ನ ಡೇಟಾಬೇಸ್‌ನಲ್ಲಿ ಖಾಸಗಿ ಮೆಸೇಜ್‌ಗಳನ್ನು ಭದ್ರವಾಗಿ ಮುಚ್ಚಿಟ್ಟಿದ್ದರು. ಪುಶ್ ಫೇಲ್ ಆದಾಗಲೆಲ್ಲ ಅದೇ ಮೆಸೇಜ್ ಎರರ್ ಲಾಗ್‌ಗೆ ಸಾಲಾಗಿ ಬೀಳುತ್ತಿತ್ತು. ನಿಮ್ಮ 413 ಎರರ್‌ಗಳ ಲಾಗ್ ಒಮ್ಮೆ ತೆರೆದು ನೋಡಿ, ನಾನು ಹೇಳುತ್ತಿರುವುದು ಅಲ್ಲೇ ಕಂಡೀತು.

ಬೀಗ ಮುಚ್ಚದ ಇನ್ನೊಂದು ಭಾಗ ಇದೆ. ಯಾವ ಸಾಧನಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ದೊಡ್ಡ ಮೆಸೇಜ್ ಹೋಯಿತು, ಅದರ ಹೆಡರ್‌ಗಳೇನು (ಪೇಲೋಡ್‌ನ ಹೊರಗೆ ಬರೆಯುವ ಸೂಚನೆಗಳು), ಇದೆಲ್ಲ ಪುಶ್ ಸರ್ವಿಸ್‌ಗೆ ಕಾಣುತ್ತದೆ. ಇದು ಬರೀ ಪುಸ್ತಕದ ಮಾತಲ್ಲ. ಪುಶ್ ನೋಟಿಫಿಕೇಶನ್ ದಾಖಲೆ ಕೊಡಿ ಎಂದು ಸರ್ಕಾರಗಳು ಆ್ಯಪಲ್ ಮತ್ತು ಗೂಗಲ್ ಅನ್ನು ಕೇಳುತ್ತಿವೆ ಅಂತ ಅಮೆರಿಕದ ಸೆನೆಟರ್ ರಾನ್ ವೈಡನ್ 2023ರ ಡಿಸೆಂಬರ್‌ನಲ್ಲಿ ಪತ್ರ ಬರೆದು ಬಹಿರಂಗಪಡಿಸಿದರು. ಮೆಸೇಜ್‌ನ ಉದ್ದ ಬಯಲಾಗದ ಹಾಗೆ ಖಾಲಿ ಬೈಟ್ ತುಂಬಲು ಸ್ಟ್ಯಾಂಡರ್ಡ್‌ನಲ್ಲಿ ಅವಕಾಶ ಇದೆ. ನಿಮ್ಮ ಲೈಬ್ರರಿ ಅದನ್ನು ಮಾಡುತ್ತದಾ ನೋಡಿಕೊಳ್ಳಿ.

ಹಾಗಾದರೆ ಖಾಸಗಿ ಮೆಸೇಜ್‌ನ ಪಠ್ಯ ಹಾಕಬಾರದಾ? ಬಳಕೆದಾರರು ತಾವಾಗಿ ಆರಿಸಿಕೊಂಡರೆ ಹಾಕಿ. ಮೊದಲಿಗೆ ‘ಹೊಸ ಮೆಸೇಜ್ ಬಂದಿದೆ’ ಅಂತಷ್ಟೇ ಇರಲಿ. ಗುಂಪಿನ ಹೆಸರಿನ ಬಗ್ಗೆ ಇನ್ನೂ ಹುಷಾರು. ಕಾಯಿಲೆಯ ಬಗ್ಗೆ, ಸಾಲದ ಬಗ್ಗೆ, ಮದುವೆ ಮುರಿದವರ ಬಗ್ಗೆ ಗುಂಪುಗಳಿರುತ್ತವೆ. ಕಾಮೆಂಟ್‌ನಲ್ಲಿ ಏನಿದೆ ಅನ್ನುವುದಕ್ಕಿಂತ ಗುಂಪಿನ ಹೆಸರೇ ಜಾಸ್ತಿ ಹೇಳಿಬಿಡುತ್ತದೆ. ಗುಂಪು ಮಾಡುವವರಿಗೆ ‘ಹೆಸರು ತೋರಿಸಬೇಡ’ ಎಂಬ ಆಯ್ಕೆ ಕೊಡಿ.

ಗಾತ್ರದ ವಿಷಯ ಲೆಕ್ಕದ್ದು. ಪುಶ್ ಸರ್ವಿಸ್‌ಗಳು 4096 ಬೈಟ್‌ಗಿಂತ ದೊಡ್ಡದನ್ನು ಒಪ್ಪಲೇಬೇಕು ಅಂತೇನಿಲ್ಲ. ಎನ್‌ಕ್ರಿಪ್ಶನ್ ತನ್ನ ಪಾಲಿಗೆ 103 ಬೈಟ್ ತಿನ್ನುತ್ತದೆ. ನಿಮಗೆ ಉಳಿಯುವುದು 3993. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ 1. ನಾವು ಒಂದೇ ಅಕ್ಷರ ಅಂದುಕೊಳ್ಳುವುದರೊಳಗೆ ಹಲವು ಚಿಹ್ನೆ ಇರುತ್ತವೆ. ‘ಸ್ತ್ರೀ’ ಅನ್ನುವುದರಲ್ಲಿ ಸ, ತ, ರ, ಎರಡು ವಿರಾಮ (ಒತ್ತಕ್ಷರ ಕೂಡಿಸುವ ‘್’ ಚಿಹ್ನೆ), ಒಂದು ದೀರ್ಘ ಗುಣಿತ, ಒಟ್ಟು 6 ಚಿಹ್ನೆ, 18 ಬೈಟ್.

ಇಷ್ಟರಿಂದಲೇ ನಿಮ್ಮ ಎಲ್ಲ 413 ಬರುತ್ತಿವೆ ಅನ್ನಿಸುವುದಿಲ್ಲ. ನನ್ನ ಅನುಮಾನ ಜೇಸನ್ ಮಾಡುವ ಹಂತದ ಮೇಲೆ. ಪೈಥಾನ್ ಮತ್ತು ಪಿಎಚ್‌ಪಿ ಎರಡರಲ್ಲೂ ಜೇಸನ್ ಮಾಡುವ ಫಂಕ್ಷನ್, ನೀವು ಬೇಡ ಅನ್ನದಿದ್ದರೆ, ಕನ್ನಡದ ಪ್ರತಿ ಚಿಹ್ನೆಯನ್ನೂ ಒಂದು ಹಿಮ್ಮುಖ ಓರೆಗೆರೆ, ಒಂದು ಯು ಮತ್ತು ನಾಲ್ಕು ಅಂಕಿಗಳ ಸಂಕೇತವಾಗಿ ಬರೆಯುತ್ತದೆ. ಅಲ್ಲಿಗೆ 3 ಬೈಟ್ 6 ಆಯಿತು. 1331 ಚಿಹ್ನೆ ಹಿಡಿಯುವ ಜಾಗದಲ್ಲಿ 665 ಮಾತ್ರ ಹಿಡಿಯುತ್ತದೆ. ಪೋಸ್ಟ್ ಒಂದು, ಅದರ ಕೆಳಗೆ ಕಾಮೆಂಟ್ ಒಂದು ಸೇರಿದರೆ ಮುಗಿದೇ ಹೋಯಿತು. ಆ ಎಸ್ಕೇಪ್ ಅಭ್ಯಾಸವನ್ನು ಆಫ್ ಮಾಡುವುದು ಒಂದು ಸಾಲಿನ ಕೆಲಸ. ಹಾಗಂತ ಆಫ್ ಮಾಡಿ ಪೂರ್ತಿ ಪೋಸ್ಟ್ ಕಳಿಸುವುದನ್ನು ಮುಂದುವರಿಸಬೇಡಿ. ಜೇಸನ್ ಆದ ಮೇಲೆ ಬೈಟ್ ಎಣಿಸಿ, 2000 ದಾಟಿದರೆ ನಿಮಗೇ ಎಚ್ಚರಿಕೆ ಬರುವ ಹಾಗೆ ಮಾಡಿಕೊಳ್ಳಿ. ಸಾಮಾನ್ಯವಾಗಿ 1000 ಕೂಡ ಮುಟ್ಟಬಾರದು.

ಉದ್ದದ ಪಠ್ಯ ಕತ್ತರಿಸುವಾಗ ಕನ್ನಡದಲ್ಲಿ ಇನ್ನೊಂದು ಗುಂಡಿ ಇದೆ. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಕೊನೆಯಲ್ಲಿ ಪ್ರಶ್ನೆ ಚಿಹ್ನೆಯ ಡಬ್ಬಿ ಬರುತ್ತದೆ. ಚಿಹ್ನೆ ಲೆಕ್ಕದಲ್ಲಿ ಕತ್ತರಿಸಿದರೆ ‘ಸ್ತ್ರೀ’ ಹೋಗಿ ‘ಸ್ತ್’ ಉಳಿಯುತ್ತದೆ. ತಲೆನೋವು ಬೇಡ, ಪದ ಮುಗಿದ ಕಡೆ, ಖಾಲಿ ಜಾಗ ನೋಡಿ ಕತ್ತರಿಸಿ. ಕತ್ತರಿಸುವುದು ಸರ್ವರ್‌ನಲ್ಲೇ ಆಗಲಿ. ಲಾಕ್ ಸ್ಕ್ರೀನ್ ತೋರಿಸುವುದೇ ಎರಡು ಮೂರು ಸಾಲು, ಅದಕ್ಕಿಂತ ಜಾಸ್ತಿ ಕಳಿಸಿ ಪ್ರಯೋಜನವಿಲ್ಲ.

ಖಾಲಿ ಪೇಲೋಡ್ ಸಲಹೆಗೆ ಬರೋಣ. ಇದು ಎಲ್ಲಿಂದ ಬಂತು ಗೊತ್ತಾ? 2015ರಲ್ಲಿ ಕ್ರೋಮ್ 42 ವೆಬ್ ಪುಶ್ ತಂದಾಗ ಪೇಲೋಡ್ ಕಳಿಸುವ ಸೌಲಭ್ಯವೇ ಇರಲಿಲ್ಲ. ಖಾಲಿ ಪುಶ್ ಬಂದ ಮೇಲೆ ಸರ್ವಿಸ್ ವರ್ಕರ್ ಹೋಗಿ ಸರ್ವರ್ ಅನ್ನು ಕೇಳಬೇಕಿತ್ತು. ಪೇಲೋಡ್ ಬಂದದ್ದು 2016ರಲ್ಲಿ, ಕ್ರೋಮ್ 50ರ ಜೊತೆ. ಅಂದಿನ ಅನಿವಾರ್ಯತೆ ಇಂದಿಗೂ ಭದ್ರತೆಯ ಸಲಹೆಯಾಗಿ ಓಡಾಡುತ್ತಿದೆ.

ಅದರಲ್ಲಿ ಒಳ್ಳೆಯದೂ ಇದೆ, ಇಲ್ಲ ಅನ್ನುವುದಿಲ್ಲ. ತೋರಿಸುವ ಕ್ಷಣದಲ್ಲಿ ಕೇಳಿದರೆ ಉತ್ತರ ತಾಜಾ ಇರುತ್ತದೆ. ಡಿಲೀಟ್ ಆದ ಕಾಮೆಂಟ್ ಸಿಗುವುದೇ ಇಲ್ಲ. ಆದರೆ ಆ ಕ್ಷಣದಲ್ಲಿ ನೆಟ್‌ವರ್ಕ್ ಕೈಕೊಟ್ಟಿರಬಹುದು, ಸೆಶನ್ ಮುಗಿದಿರಬಹುದು. ಆಗ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇಲ್ಲ. ಬ್ರೌಸರ್‌ಗಳು ಇದನ್ನು ಸಹಿಸುವುದಿಲ್ಲ. ಪುಶ್ ಬಂದರೆ ಏನಾದರೂ ಕಾಣಿಸಲೇಬೇಕು ಅನ್ನುವುದು ಅವುಗಳ ಷರತ್ತು. ಕ್ರೋಮ್ ತಾನೇ ‘ಈ ಸೈಟ್ ಹಿನ್ನೆಲೆಯಲ್ಲಿ ಅಪ್‌ಡೇಟ್ ಆಗಿದೆ’ ಎಂಬಂಥ ಸಾಲು ಹಾಕುತ್ತದೆ. ಅದನ್ನು ನೋಡಿದವರು ಹ್ಯಾಕ್ ಆಗಿದೆ ಅಂತ ಹೆದರಿ ನಿಮಗೆ ಬರೆಯುತ್ತಾರೆ. ಸಫಾರಿ ಇನ್ನೂ ಕಟ್ಟುನಿಟ್ಟು. ಇದೇ ತಪ್ಪು ಮತ್ತೆ ಮತ್ತೆ ಆದರೆ ಸಬ್‌ಸ್ಕ್ರಿಪ್ಶನ್ ಅನ್ನೇ ರದ್ದು ಮಾಡುತ್ತದೆ.

ಇನ್ನೊಂದು ಅಪಾಯ ನಿಮ್ಮ ಸರ್ವರ್‌ಗೇ. ಒಂದು ದೊಡ್ಡ ಗುಂಪಿಗೆ ಪುಶ್ ಹೋಯಿತು ಅಂದುಕೊಳ್ಳಿ. ಕೆಲವೇ ಸೆಕೆಂಡ್‌ಗಳಲ್ಲಿ ಅಷ್ಟೂ ಫೋನ್‌ಗಳು ಒಟ್ಟಿಗೆ ವಾಪಸ್ ಬಂದು ನಿಮ್ಮನ್ನು ಕೇಳುತ್ತವೆ. ನಿಮ್ಮ ಮೇಲೆ ನೀವೇ ದಾಳಿ ಮಾಡಿಕೊಂಡ ಹಾಗೆ.

ನಾನು ಆರಿಸುವುದು ನಡುದಾರಿ. ಪೇಲೋಡ್‌ನಲ್ಲಿ ಯಾರು ಯಾವಾಗ ನೋಡಿದರೂ ತೊಂದರೆಯಾಗದ ಒಂದು ಶೀರ್ಷಿಕೆ, ಒಂದು ಸಾಲು, ಒಂದು ಐಡಿ ಇರಲಿ. ಹೆಚ್ಚಿನ ಸಂದರ್ಭಕ್ಕೆ ಇಷ್ಟೇ ಸಾಕು, ಸರ್ವರ್ ಕೇಳುವುದೇ ಬೇಡ. ತಾಜಾತನ ನಿಜವಾಗಿ ಬೇಕಾದ ಕಡೆ ಮಾತ್ರ, ಉದಾಹರಣೆಗೆ ಖಾಸಗಿ ಮೆಸೇಜ್‌ನ ಪಠ್ಯಕ್ಕೆ, ಸರ್ವಿಸ್ ವರ್ಕರ್ ಎರಡು ಮೂರು ಸೆಕೆಂಡ್ ಕಾದು ಕೇಳಲಿ. ಉತ್ತರ ಬಂದರೆ ಅದನ್ನು ತೋರಿಸಲಿ, ಬರದಿದ್ದರೆ ಪೇಲೋಡ್‌ನ ಸಾಲನ್ನೇ ತೋರಿಸಲಿ.

ಡಿಲೀಟ್ ಆದ ಕಾಮೆಂಟ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಫೋನ್ ತಲುಪಿದ ಮೇಲೆ ವಾಪಸ್ ಕರೆಸಿಕೊಳ್ಳುವ ಖಾತರಿ ದಾರಿ ಇಲ್ಲ. ಅದೇ ಟ್ಯಾಗ್ (ನೋಟಿಫಿಕೇಶನ್‌ಗೆ ಕೊಡುವ ಗುರುತಿನ ಹೆಸರು) ಹಾಕಿ ಇನ್ನೊಂದು ಪುಶ್ ಕಳಿಸಿದರೆ ಹಳೆಯದರ ಜಾಗದಲ್ಲಿ ಹೊಸದು ಕೂರುತ್ತದೆ. ಆದರೆ ಅದೂ ತಲುಪಬೇಕಲ್ಲ. ತಲುಪಿದರೂ ‘ಈ ಕಾಮೆಂಟ್ ತೆಗೆಯಲಾಗಿದೆ’ ಅಂತ ತೋರಿಸಿದರೆ ನೋಡದಿದ್ದವರಿಗೂ ಕುತೂಹಲ ಹುಟ್ಟುತ್ತದೆ. ಇದಕ್ಕಿಂತ ಕಳಿಸುವುದನ್ನೇ ಅರ್ಧ ಒಂದು ನಿಮಿಷ ತಡಮಾಡಿ. ಜನ ಕಾಮೆಂಟ್ ಬರೆದು ತಿದ್ದುವುದು, ಅಳಿಸುವುದು ಬಹುತೇಕ ಮೊದಲ ಗಳಿಗೆಯಲ್ಲೇ ಅನ್ನುವುದು ನನ್ನ ಅನುಭವ. ಕಳಿಸುವ ಕೊನೆ ಕ್ಷಣದಲ್ಲಿ ಡೇಟಾಬೇಸ್ ಮತ್ತೆ ನೋಡಿ. ಕಾಮೆಂಟ್ ಇನ್ನೂ ಇದೆಯಾ? ಬರೆದವರನ್ನು ಇವರು ಅಷ್ಟರಲ್ಲಿ ಬ್ಲಾಕ್ ಮಾಡಿಲ್ಲವಾ? ಕ್ಯೂಗೆ ಹಾಕುವಾಗ ಮಾಡಿದ ಪರೀಕ್ಷೆ ಕಳಿಸುವಾಗ ಹಳಸಿರುತ್ತದೆ. ಖಾಸಗಿ ಮೆಸೇಜ್‌ಗೆ ಮಾತ್ರ ಈ ತಡ ಬೇಡ, ಅಲ್ಲಿ ಜನ ಕಾಯುತ್ತಿರುತ್ತಾರೆ.

ಹಳೆ ಲೈಕ್‌ಗಳ ಮಳೆಗೆ ಕಾರಣ ಪೇಲೋಡ್ ಅಲ್ಲ, ಅದರ ಜೊತೆ ಹೋಗುವ ಹೆಡರ್‌ಗಳು. ಫೋನ್ ಆಫ್ ಇದ್ದರೆ ಪುಶ್ ಸರ್ವಿಸ್ ಮೆಸೇಜ್ ಅನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನುವುದನ್ನು ಟಿಟಿಎಲ್ ಹೇಳುತ್ತದೆ. ನೋಡ್‌ಜೆಎಸ್‌ನಲ್ಲಿ ಎಲ್ಲರೂ ಬಳಸುವ ವೆಬ್-ಪುಶ್ ಲೈಬ್ರರಿಯಲ್ಲಿ ನೀವು ಏನೂ ಹೇಳದಿದ್ದರೆ ಇದು ನಾಲ್ಕು ವಾರ! ಲೈಕ್‌ಗೆ ಕೆಲವು ಗಂಟೆ ಸಾಕು. ಕಾಮೆಂಟ್‌ಗೆ ಒಂದು ದಿನ, ಮೆಸೇಜ್‌ಗೆ ಕೆಲವು ದಿನ ಇಡಬಹುದು. ‘ಇಂಥವರು ಈಗ ಲೈವ್ ಇದ್ದಾರೆ’ ಅನ್ನುವಂಥದ್ದಕ್ಕೆ ಕೆಲವೇ ನಿಮಿಷ.

ಜೊತೆಗೆ ಟಾಪಿಕ್ ಹೆಡರ್ ಮತ್ತು ಟ್ಯಾಗ್ ಎರಡನ್ನೂ ಬಳಸಿ. ಎರಡೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಟಾಪಿಕ್ ಕೆಲಸ ಮಾಡುವುದು ಪುಶ್ ಸರ್ವಿಸ್‌ನ ಸರದಿಯಲ್ಲಿ. ಅದೇ ಟಾಪಿಕ್‌ನ ಹೊಸದು ಬಂದರೆ ಇನ್ನೂ ತಲುಪದ ಹಳೆಯದನ್ನು ಬಿಸಾಕುತ್ತದೆ. ಟ್ಯಾಗ್ ಕೆಲಸ ಮಾಡುವುದು ತಲುಪಿದ ಮೇಲೆ, ಪರದೆಯಲ್ಲಿ. ಫೋನ್ ಆಫ್ ಇದ್ದವರಿಗೆ ಮೊದಲನೆಯದು ಬೇಕು, ಆನ್ ಇದ್ದವರಿಗೆ ಎರಡನೆಯದು. ಟಾಪಿಕ್‌ಗೆ 32 ಅಕ್ಷರದ ಮಿತಿ ಇದೆ, ಮತ್ತು ಅದು ಎನ್‌ಕ್ರಿಪ್ಟ್ ಆಗುವುದಿಲ್ಲ. ಹಾಗಾಗಿ ಗುಂಪಿನ ಹೆಸರು, ಪೋಸ್ಟ್ ನಂಬರ್ ನೇರವಾಗಿ ಹಾಕಬೇಡಿ. ನಿಮ್ಮ ಗುಟ್ಟಿನ ಕೀಲಿ ಸೇರಿಸಿ ಹ್ಯಾಶ್ ಮಾಡಿ (ಮೂಲ ಹೆಸರು ತಿಳಿಯದ ಸಂಕೇತವಾಗಿಸಿ) ಹಾಕಿ.

ಹೀಗೆ ಒಂದರ ಮೇಲೊಂದು ಕೂರುವುದಾದರೆ ಪೇಲೋಡ್‌ನಲ್ಲಿ ಇರಬೇಕಾದ್ದು ಒಟ್ಟು ಲೆಕ್ಕ. ‘ಇನ್ನೊಂದು ಲೈಕ್’ ಅಂತ ಕಳಿಸಿ ಫೋನ್‌ನಲ್ಲಿ ಕೂಡಿಸಲು ಹೋಗಬೇಡಿ. ನಡುವೆ ಒಂದು ತಪ್ಪಿತು ಅಥವಾ ಒಂದು ಎರಡು ಸಲ ಬಂತು ಅಂದರೆ ಲೆಕ್ಕ ಶಾಶ್ವತವಾಗಿ ತಪ್ಪುತ್ತದೆ. ‘12 ಜನ ಇಷ್ಟಪಟ್ಟಿದ್ದಾರೆ’ ಅಂತ ಸರ್ವರ್ ಎಣಿಸಿಯೇ ಕಳಿಸಲಿ. ಓದದ ಮೆಸೇಜ್‌ಗಳ ಸಂಖ್ಯೆಯೂ ಹಾಗೇ. ಅಂದಹಾಗೆ, ಪುಶ್ ಸರ್ವಿಸ್ 201 ಅಂದರೆ ಸ್ವೀಕರಿಸಿದ್ದೇನೆ ಅಂತಷ್ಟೇ ಅರ್ಥ, ತಲುಪಿಸಿದ್ದೇನೆ ಅಂತಲ್ಲ. 404 ಅಥವಾ 410 ಬಂದರೆ ಆ ಸಬ್‌ಸ್ಕ್ರಿಪ್ಶನ್ ಸತ್ತಿದೆ, ಅಳಿಸಿ.

ಎಷ್ಟು ತುರ್ತು ಅಂತ ಹೇಳುವ ಅರ್ಜೆನ್ಸಿ ಹೆಡರ್ ಬಗ್ಗೆ ಒಂದೇ ಮಾತು: ಎಲ್ಲಕ್ಕೂ ‘ಹೈ’ ಹಾಕಬೇಡಿ. ಬ್ಯಾಟರಿ ಕಡಿಮೆ ಇರುವ ಫೋನ್ ಅನ್ನು ಒಂದು ಲೈಕ್‌ಗಾಗಿ ಎಬ್ಬಿಸುವುದು ನ್ಯಾಯವಲ್ಲ. ವೆಬ್ ಪುಶ್‌ನ ಮೂಲ ನಿಯಮಗಳ ಆರ್‌ಎಫ್‌ಸಿ 8030 ಚಾಟ್ ಮೆಸೇಜ್ ಅನ್ನೇ ‘ನಾರ್ಮಲ್’ಗೆ ಉದಾಹರಣೆ ಕೊಡುತ್ತದೆ.

ಮೂರನೇ ಪ್ರಶ್ನೆ ಉಳಿಯಿತು, ಹಳೆ ಕೋಡ್. ನೀವು ಇವತ್ತು ಪೇಲೋಡ್‌ನ ಆಕಾರ ಬದಲಿಸಿದರೆ, ತಿಂಗಳಿಂದ ಸೈಟ್ ತೆರೆಯದವರ ಬ್ರೌಸರ್‌ನಲ್ಲಿ ಹಳೆ ಸರ್ವಿಸ್ ವರ್ಕರ್ ಇರುತ್ತದೆ. ಹೊಸ ಪುಶ್ ಅದರ ಕೈಗೆ ಸಿಗುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಆವೃತ್ತಿಯ ನಂಬರ್ ಇರಲಿ. ಗೊತ್ತಿಲ್ಲದ ಬಗೆಯ ನೋಟಿಫಿಕೇಶನ್ ಬಂದರೂ ಶೀರ್ಷಿಕೆ ಮತ್ತು ಸಾಲು ಯಾವಾಗಲೂ ಅದೇ ಜಾಗದಲ್ಲಿರಲಿ. ಹಳೆ ಕೋಡ್ ಅಷ್ಟನ್ನಾದರೂ ತೋರಿಸಲಿ.

ಲಿಂಕ್ ಕೊಡುವಾಗ ಪೂರ್ತಿ ವಿಳಾಸ ಬೇಡ, ನಿಮ್ಮ ಸೈಟಿನೊಳಗಿನ ದಾರಿ ಮಾತ್ರ ಸಾಕು. ತೆರೆಯುವ ಮುಂಚೆ ಅದು ನಿಮ್ಮದೇ ಸೈಟ್ ಹೌದಾ ಅಂತ ಸರ್ವಿಸ್ ವರ್ಕರ್ ನೋಡಲಿ. ಒಂದೇ ಒತ್ತಿಗೆ ಲಾಗಿನ್ ಆಗುವ ಟೋಕನ್ ಅನ್ನು ಲಿಂಕ್‌ನಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಪ್ರೊಫೈಲ್ ಫೋಟೋಗೆ ಅವಧಿ ಇರುವ ಸೈನ್ ಮಾಡಿದ ಯುಆರ್‌ಎಲ್ ಬಳಸುತ್ತಿದ್ದರೆ, ಆ ಅವಧಿ ಟಿಟಿಎಲ್‌ಗಿಂತ ಉದ್ದ ಇರಬೇಕು. ಇಲ್ಲದಿದ್ದರೆ ತಡವಾಗಿ ತಲುಪಿದಾಗ ಫೋಟೋ ಜಾಗ ಖಾಲಿ.

ಕೊನೆಗೆ ಐಫೋನ್. ಬೇರೆ ಪೇಲೋಡ್ ಬೇಕಿಲ್ಲ, ಒಂದೇ ಆಕಾರ ಎರಡೂ ಕಡೆ ನಡೆಯುತ್ತದೆ. ಐಒಎಸ್ 16.4ರಿಂದ, ಅಂದರೆ 2023ರ ಮಾರ್ಚ್‌ನಿಂದ, ಹೋಮ್ ಸ್ಕ್ರೀನ್‌ಗೆ ಸೇರಿಸಿದ ವೆಬ್ ಆ್ಯಪ್‌ಗಳಿಗೆ ಪುಶ್ ಸಿಗುತ್ತಿದೆ. 18.4ರಲ್ಲಿ ಡಿಕ್ಲರೇಟಿವ್ ವೆಬ್ ಪುಶ್ ಎಂಬ ಹೊಸ ವಿಧಾನ ಬಂತು. ಜೇಸನ್‌ನ ಮೇಲ್ಭಾಗದಲ್ಲಿ ‘ವೆಬ್ ಪುಶ್’ (web_push) ಎಂಬ ಕೀಗೆ 8030 ಎಂಬ ಬೆಲೆ ಕೊಡುತ್ತೀರಿ, ಆ ಆರ್‌ಎಫ್‌ಸಿಯ ನಂಬರೇ ಅದು. ಕೆಳಗೆ ನೋಟಿಫಿಕೇಶನ್ ಭಾಗದಲ್ಲಿ ಶೀರ್ಷಿಕೆ, ಸಾಲು, ಒತ್ತಿದರೆ ಹೋಗಬೇಕಾದ ವಿಳಾಸ. ಇದು ಗೊತ್ತಿರುವ ಬ್ರೌಸರ್ ಸರ್ವಿಸ್ ವರ್ಕರ್ ಇಲ್ಲದಿದ್ದರೂ ತಾನೇ ತೋರಿಸುತ್ತದೆ. ಸರ್ವಿಸ್ ವರ್ಕರ್ ಇದ್ದು, ನೀವು ಪೇಲೋಡ್‌ನಲ್ಲಿ ‘ಮ್ಯೂಟಬಲ್’ (mutable, ತಿದ್ದಬಹುದು) ಅಂತ ಗುರುತಿಸಿದ್ದರೆ ಅದಕ್ಕೆ ತಿದ್ದಲು ಅವಕಾಶ ಕೊಡುತ್ತದೆ, ಅದು ಎಡವಿದರೆ ಪೇಲೋಡ್‌ನಲ್ಲಿ ಇದ್ದದ್ದನ್ನೇ ತೋರಿಸುತ್ತದೆ. ಗೊತ್ತಿಲ್ಲದ ಬ್ರೌಸರ್‌ಗೆ ಅದು ಮಾಮೂಲಿ ಜೇಸನ್, ನಿಮ್ಮ ಸರ್ವಿಸ್ ವರ್ಕರ್ ಓದಿಕೊಳ್ಳುತ್ತದೆ. ಇಲ್ಲಿ ಮಾತ್ರ ವಿಳಾಸ ಪೂರ್ತಿ ಇರಲಿ, ಯಾಕೆಂದರೆ ಅದನ್ನು ತೆರೆಯುವುದು ಬ್ರೌಸರ್, ನಿಮ್ಮ ಕೋಡ್ ಅಲ್ಲ. ನಿಮ್ಮದೇ ಸೈಟಿನ ವಿಳಾಸವನ್ನು ಮುಂದೆ ಜೋಡಿಸುವ ಕೆಲಸ ಸರ್ವರ್ ಮಾಡಲಿ. ನಿಮ್ಮ ಐಡಿ, ಆವೃತ್ತಿ, ಯಾರಿಗೆ ಅನ್ನುವ ಗುರುತು ಇವನ್ನೆಲ್ಲ ನೋಟಿಫಿಕೇಶನ್‌ನ ‘ಡೇಟಾ’ ಫೀಲ್ಡ್ ಒಳಗೆ ಇಡಿ.